ಮರೆವು, ಸಿಡುಕು, ಚಡಪಡಿಕೆ: ಸೋಮಾರಿತನವೇ, ಎಡಿಎಚ್‌ಡಿಯೇ, ಹಳೆಯ ಆಘಾತವೇ?

ಖಾತೆಯಲ್ಲಿ ಹಣವಿದ್ದರೂ ಕರೆಂಟ್ ಬಿಲ್ ಕಟ್ಟುವ ಕಡೆಯ ದಿನ ದಾಟಿಹೋಗಿರುತ್ತದೆ. ಮೀಟಿಂಗ್‌ನಲ್ಲಿ ಕೂತಿದ್ದರೂ ಮನಸ್ಸು ಇನ್ನೆಲ್ಲೋ ಇರುತ್ತದೆ. ಸಣ್ಣ ಮಾತಿಗೆ ಸಿಟ್ಟು ನೆತ್ತಿಗೇರಿ, ಹತ್ತು ನಿಮಿಷದಲ್ಲಿ ಇಳಿದು, ಆಮೇಲೆ ದಿನವಿಡೀ ಪಶ್ಚಾತ್ತಾಪ. ಇಂಥವರಿಗೆ ಸಿಗುವ ಬುದ್ಧಿಮಾತು ಒಂದೇ: ‘ಮನಸ್ಸು ಮಾಡಿದರೆ ಎಲ್ಲ ಆಗುತ್ತೆ, ನಿನಗೆ ಸೋಮಾರಿತನ.’

ಆದರೆ ಇದರ ಹಿಂದೆ ಕೆಲವರಲ್ಲಿ ಎಡಿಎಚ್‌ಡಿ, ಅಂದರೆ ಗಮನದ ಕೊರತೆ ಮತ್ತು ಅತಿಚಟುವಟಿಕೆಯ ತೊಂದರೆ ಇರಬಹುದು. ಕೆಲವರಲ್ಲಿ ಹಳೆಯ ಮಾನಸಿಕ ಆಘಾತ ಇರಬಹುದು. ಎರಡೂ ಒಟ್ಟಿಗೇ ಇರಬಹುದು. ಚಿಕಿತ್ಸೆ ಬೇರೆ ಬೇರೆಯಾದ್ದರಿಂದ ಯಾವುದೆಂದು ತಿಳಿಯುವುದು ಮುಖ್ಯ.

ಎಡಿಎಚ್‌ಡಿ ಮಕ್ಕಳಿಗೆ ಮಾತ್ರವೇ?

ಅಲ್ಲ. ಮಗುವಾಗಿದ್ದಾಗ ಕೂತಲ್ಲಿ ಕೂರದ ವ್ಯಕ್ತಿ ದೊಡ್ಡವನಾದ ಮೇಲೆ ಓಡಾಟ ಕಡಿಮೆ ಮಾಡಬಹುದು, ಆದರೆ ಒಳಗಿನ ಚಡಪಡಿಕೆ ಮತ್ತು ಮರೆವು ಉಳಿಯಬಹುದು. 2013ರಲ್ಲಿ ಬಂದ ಡಿಎಸ್‌ಎಂ-5 ಎಂಬ ರೋಗನಿರ್ಣಯ ಕೈಪಿಡಿ ಇದನ್ನು ಒಪ್ಪಿಕೊಂಡು, 17 ದಾಟಿದವರಿಗೆ 6ರ ಬದಲು 5 ಲಕ್ಷಣಗಳಿದ್ದರೆ ಸಾಕು ಎಂದಿತು. ಆದರೆ ಕೆಲವು ಲಕ್ಷಣಗಳು 12 ವರ್ಷಕ್ಕೆ ಮೊದಲೇ ಕಂಡಿರಬೇಕು.

ಆಘಾತವೂ ಹೀಗೇಕೆ ಕಾಣುತ್ತದೆ?

ಹೊಡೆತ, ಅಪಘಾತ, ಲೈಂಗಿಕ ದೌರ್ಜನ್ಯ ಕಂಡವರ ಮಿದುಳು ಅಪಾಯ ಮುಗಿದ ಮೇಲೂ ಕಾವಲು ಬಿಡದಿರಬಹುದು. ಬಾಗಿಲು ಬಡಿದ ಸದ್ದಿಗೂ ಬೆಚ್ಚಿಬೀಳುವ, ರಾತ್ರಿ ನಿದ್ದೆ ಬಾರದ ವ್ಯಕ್ತಿಗೆ ಹಗಲು ಫೈಲ್ ಮೇಲೆ ಗಮನ ನಿಲ್ಲುವುದು ಹೇಗೆ? ಹೊರಗಿನಿಂದ ನೋಡಿದರೆ ಇದೂ ಗಮನದ ಕೊರತೆಯೇ.

ಹಾಗಾಗಿ ವೈದ್ಯರು ‘ಏನಾಗುತ್ತಿದೆ’ ಎನ್ನುವುದರ ಜೊತೆಗೆ ‘ಎಂದಿನಿಂದ’ ಎಂದೂ ಕೇಳುತ್ತಾರೆ. ಶಾಲೆಯ ದಿನಗಳಿಂದಲೂ ಹೀಗೆಯೇ, ಅಥವಾ ಒಂದು ಘಟನೆಯ ನಂತರ ಶುರುವಾಯಿತೇ? ಕೆಟ್ಟ ಕನಸುಗಳು ಬರುತ್ತವೆಯೇ? ಖಿನ್ನತೆ, ನಿದ್ದೆಗೇಡು, ಥೈರಾಯ್ಡ್ ತೊಂದರೆ ಇದೆಯೇ ಎಂದೂ ನೋಡುತ್ತಾರೆ. ಬಾಲ್ಯದಲ್ಲೇ ಆಘಾತವಾಗಿದ್ದರೆ ಈ ಲೆಕ್ಕ ಇನ್ನೂ ಕಷ್ಟ. ಮೊಬೈಲ್‌ನಲ್ಲಿ ಐದು ನಿಮಿಷದ ಕ್ವಿಜ್ ಮಾಡಿ ತೀರ್ಮಾನಿಸಲಾಗದು.

ಥೆರಪಿಯಲ್ಲಿ ಏನು ಮಾಡುತ್ತಾರೆ?

ಎಡಿಎಚ್‌ಡಿಗೆ ಮೀಥೈಲ್‌ಫೆನಿಡೇಟ್‌ನಂಥ ಔಷಧಗಳಿವೆ. ಇವನ್ನು ವೈದ್ಯರ ಚೀಟಿ ಇಲ್ಲದೆ ತೆಗೆದುಕೊಳ್ಳಬಾರದು. ಔಷಧ ಗಮನವನ್ನು ಹಿಡಿದಿಡಲು ನೆರವಾಗುತ್ತದೆ, ಆದರೆ ದಿನದ ಕೆಲಸಗಳನ್ನು ಜೋಡಿಸುವುದನ್ನು ಕಲಿಸುವುದಿಲ್ಲ. ಅದನ್ನು ಕಲಿಸುವುದು ಸಿಬಿಟಿ ಎಂಬ ಮಾತಿನ ಚಿಕಿತ್ಸೆ. ಎಲ್ಲಕ್ಕೂ ಒಂದೇ ಕ್ಯಾಲೆಂಡರ್ ಇಡುವುದು, ದೊಡ್ಡ ಕೆಲಸವನ್ನು ತುಂಡು ಮಾಡುವುದು, ನಡುವೆ ನುಗ್ಗುವ ಯೋಚನೆಯನ್ನು ಚೀಟಿಯಲ್ಲಿ ಬರೆದಿಟ್ಟು ಕೆಲಸಕ್ಕೆ ಮರಳುವುದು, ಇಂಥ ಅಭ್ಯಾಸಗಳು ಇದರಲ್ಲಿವೆ. ‘ನನ್ನಿಂದ ಏನೂ ಆಗದು’ ಎಂಬ ಯೋಚನೆಯನ್ನೂ ಪರೀಕ್ಷೆಗೆ ಒಡ್ಡುತ್ತಾರೆ. 2010ರಲ್ಲಿ ‘ಜಾಮಾ’ ಪತ್ರಿಕೆಯಲ್ಲಿ ಬಂದ ಅಧ್ಯಯನವೊಂದರಲ್ಲಿ 86 ವಯಸ್ಕರಿದ್ದರು, ಎಲ್ಲರೂ ಆಗಲೇ ಔಷಧ ಪಡೆಯುತ್ತಿದ್ದರು. ಸಿಬಿಟಿ ಪಡೆದವರ ಲಕ್ಷಣಗಳು, ದೇಹ-ಮನಸ್ಸು ಸಡಿಲಿಸುವ ತರಬೇತಿ ಮತ್ತು ತಿಳಿವಳಿಕೆ ಪಡೆದವರಿಗಿಂತ ಹೆಚ್ಚು ತಗ್ಗಿದವು.

ಉಕ್ಕುವ ಭಾವನೆಗಳಿಗೆ ಡಿಬಿಟಿಯ ಕೌಶಲಗಳನ್ನು ಬಳಸುತ್ತಾರೆ. ಇದನ್ನು ರೂಪಿಸಿದವರು ಅಮೆರಿಕದ ಮನಶ್ಶಾಸ್ತ್ರಜ್ಞೆ ಮಾರ್ಷಾ ಲಿನೆಹನ್. ಸಿಟ್ಟನ್ನು ನುಂಗುವುದು ಇಲ್ಲಿನ ಪಾಠವಲ್ಲ. ‘ಇದು ಸಿಟ್ಟೋ, ಅವಮಾನವೋ, ಭಯವೋ’ ಎಂದು ಹೆಸರಿಟ್ಟು, ಪ್ರತಿಕ್ರಿಯೆಗೆ ಮುನ್ನ ಸ್ವಲ್ಪ ಸಮಯ ಗಳಿಸುವುದು ಪಾಠ.

ಆಘಾತದ ನಂತರದ ತೊಂದರೆಗೆ, ಅಂದರೆ ಪಿಟಿಎಸ್‌ಡಿಗೆ, ಆಘಾತ-ಕೇಂದ್ರಿತ ಸಿಬಿಟಿ ಮತ್ತು ಇಎಂಡಿಆರ್ ಎಂಬ ವಿಧಾನಗಳಿವೆ. 2013ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಎರಡನ್ನೂ ಶಿಫಾರಸು ಮಾಡಿತು. ಮೊದಲ ದಿನವೇ ಎಲ್ಲವನ್ನೂ ಹೇಳಲೇಬೇಕು ಎಂದೇನಿಲ್ಲ. ಎಷ್ಟು, ಯಾವಾಗ ಹೇಳಬೇಕೆಂಬ ಆಯ್ಕೆ ನಿಮ್ಮದು.

ಎಲ್ಲಿಂದ ಶುರು?

ಸರ್ಕಾರದ ಟೆಲಿ-ಮಾನಸ್ ಸಹಾಯವಾಣಿ 14416 ಉಚಿತ, ದಿನದ 24 ಗಂಟೆಯೂ ಕನ್ನಡದಲ್ಲಿ ಮಾತಾಡಬಹುದು. ಸಾಯುವ ಯೋಚನೆ ಬರುತ್ತಿದ್ದರೆ ಕಾಯದೆ ಇಂದೇ ಕರೆ ಮಾಡಿ. ಮನೋವೈದ್ಯರನ್ನು ನೋಡಲು ಹೊರಟರೆ ಹಳೆಯ ಶಾಲಾ ಅಂಕಪಟ್ಟಿ ಒಯ್ಯಿರಿ, ಸಾಧ್ಯವಾದರೆ ಚಿಕ್ಕಂದಿನಿಂದ ನಿಮ್ಮನ್ನು ಬಲ್ಲ, ನಿಮಗೆ ನಂಬಿಕೆಯಿರುವ ಒಬ್ಬರನ್ನು ಕರೆದುಕೊಂಡು ಹೋಗಿ. ‘ಎಂದಿನಿಂದ’ ಎಂಬ ಪ್ರಶ್ನೆಗೆ ಉತ್ತರ ಅವರ ನೆನಪಿನಲ್ಲೂ ಇರಬಹುದು.