ಕಾಲೇಜು ರಸಪ್ರಶ್ನೆ ತಂಡದ ಒಂದು ವರ್ಷ

ಮೈಸೂರಿನಿಂದ ಚಾಮರಾಜನಗರದವರೆಗೆ ಸುಮಾರು 60 ಕಿಲೋಮೀಟರ್ ಸಾಗುವ ರೈಲುಮಾರ್ಗದಲ್ಲಿ, ನಂಜನಗೂಡು ಮತ್ತು ಕವಲಂದೆಗಳನ್ನು ದಾಟಿದ ಮೇಲೆ ಜಿಲ್ಲಾಕೇಂದ್ರಕ್ಕೆ ತುಸು ಮೊದಲು ಸಿಗುವ ನಿಲ್ದಾಣ ಬದನಗುಪ್ಪೆ. ನೆರೆಯ ಕೆಲ್ಲಂಬಳ್ಳಿಯೊಡನೆ ಸೇರಿ ಈಗ ಕೈಗಾರಿಕಾ ಪ್ರದೇಶವಾಗಿಯೂ ಹೆಸರು ಪಡೆದಿರುವ ಈ ಊರಿನಂಥ ಹಳ್ಳಿಗಳಿಂದ, ಹಾಗೆಯೇ ರೈಲು ಇನ್ನೂ ಮುಟ್ಟದ ಗುಂಡ್ಲುಪೇಟೆಯ ಸುತ್ತಲಿನ ಊರುಗಳಿಂದ, ಪದವಿ ತರಗತಿಗಳಿಗೆ ಹೋಗಿಬರುವ ವಿದ್ಯಾರ್ಥಿಗಳಿಗೂ ಅಂತರ ಕಾಲೇಜು ರಸಪ್ರಶ್ನೆ ಸ್ಪರ್ಧೆಗಳ ಬಾಗಿಲು ತೆರೆದೇ ಇರುತ್ತದೆ. ಆದರೆ ಅಂಥ ಕಾಲೇಜಿನ ತಂಡವೊಂದು ಆ ಬಾಗಿಲಿನಿಂದ ಎಷ್ಟು ಒಳಗೆ ಹೋಗಬಲ್ಲದು ಎಂಬುದು ವಿದ್ಯಾರ್ಥಿಗಳ ಓದು ಮತ್ತು ನೆನಪಿನ ಶಕ್ತಿಯ ಜೊತೆಗೆ ಪ್ರಶ್ನೆಗಳನ್ನು ಹೇಗೆ ಕಟ್ಟಲಾಗಿದೆ, ಯಾವ ಭಾಷೆಯಲ್ಲಿ ಕೇಳಲಾಗಿದೆ ಮತ್ತು ಯಾರ ಲೋಕದಿಂದ ಆರಿಸಲಾಗಿದೆ ಎಂಬುದನ್ನೂ ಅವಲಂಬಿಸಿರುತ್ತದೆ. ಈ ಎರಡನೆಯ ಸಂಗತಿಗೆ ಸಲ್ಲಬೇಕಾದಷ್ಟು ಗಮನ ಸಂದಿಲ್ಲ.

ಕಾಲೇಜು ತಂಡಗಳು ಎದುರುಬದುರಾಗಿ ಕುಳಿತು ಪ್ರಶ್ನೆಗಳಿಗೆ ಉತ್ತರಿಸುವ ಆಟಕ್ಕೆ ಇಂದಿನ ರೂಪ ಬಂದದ್ದು ಅಮೆರಿಕದಲ್ಲಿ. ಡಾನ್ ರೀಡ್ ಎಂಬವರು ರೂಪಿಸಿದ ‘ಕಾಲೇಜ್ ಬೌಲ್’ 1953ರಲ್ಲಿ ಅಲ್ಲಿನ ಎನ್‌ಬಿಸಿ ರೇಡಿಯೋದಲ್ಲಿ ಆರಂಭವಾಗಿ, 1959ರಲ್ಲಿ ದೂರದರ್ಶನಕ್ಕೆ ಬಂದು, 1962ರಲ್ಲಿ ಬ್ರಿಟನ್ನಿನ ‘ಯೂನಿವರ್ಸಿಟಿ ಚಾಲೆಂಜ್’ ಎಂಬ ಕಾರ್ಯಕ್ರಮಕ್ಕೆ ಮಾದರಿಯಾಯಿತು. ಕಾಲಕ್ರಮದಲ್ಲಿ ಪ್ರಸಾರದ ಹಂಗನ್ನು ಕಳಚಿಕೊಂಡ ಈ ಆಟ ಅಮೆರಿಕದ ವಿಶ್ವವಿದ್ಯಾಲಯಗಳಲ್ಲಿ ‘ಕ್ವಿಜ್ ಬೌಲ್’ ಎಂಬ ಹೆಸರಿನಿಂದ, ಶೈಕ್ಷಣಿಕ ವರ್ಷದ ಆರಂಭದಿಂದ ಏಪ್ರಿಲ್ ಹೊತ್ತಿನ ರಾಷ್ಟ್ರೀಯ ಪಂದ್ಯಾವಳಿಗಳವರೆಗೆ ನಡೆಯುವ ಸ್ಪರ್ಧೆಗಳ ಸರಣಿಯಾಗಿ ಬೆಳೆದಿದೆ. ತಂಡಕ್ಕೆ ನಾಲ್ವರು, ಇಬ್ಬದಿಯವರೂ ಬಜರ್ ಒತ್ತಿ ಉತ್ತರಿಸಬಹುದಾದ 10 ಅಂಕದ ಪ್ರಶ್ನೆಗೆ ಟಾಸ್‌ಅಪ್ ಎಂದೂ, ಅದನ್ನು ಗೆದ್ದ ತಂಡಕ್ಕೆ ಮಾತ್ರ ಸಿಗುವ, ತಲಾ 10 ಅಂಕದ ಮೂರು ಭಾಗಗಳುಳ್ಳ ಪ್ರಶ್ನೆಗೆ ಬೋನಸ್ ಎಂದೂ ಹೆಸರು. ಟಾಸ್‌ಅಪ್ಪಿಗೆ ಉತ್ತರಿಸುವಾಗ ಜೊತೆಯವರೊಡನೆ ಚರ್ಚಿಸುವಂತಿಲ್ಲ, ಬೋನಸ್ಸಿಗೆ ಚರ್ಚಿಸಬಹುದು. ಹೀಗಾಗಿ ಒಬ್ಬೊಬ್ಬರ ಓದಿಗೂ ತಂಡದ ಹೊಂದಾಣಿಕೆಗೂ ಒಂದೇ ಪಂದ್ಯದಲ್ಲಿ ಬೇರೆ ಬೇರೆಯಾಗಿ ಬೆಲೆ ಸಿಗುತ್ತದೆ.

ಈ ಪದ್ಧತಿಯ ನಿಜವಾದ ಸಾಧನೆ ಇರುವುದು ಟಾಸ್‌ಅಪ್ ಪ್ರಶ್ನೆಯ ಕಟ್ಟಡದಲ್ಲಿ. ಪಿರಮಿಡ್ ಮಾದರಿಯೆಂದು ಕರೆಯಲಾಗುವ ಈ ಕ್ರಮದಲ್ಲಿ ಪ್ರಶ್ನೆಯು ಒಂದು ಪುಟ್ಟ ಪ್ಯಾರಾದಷ್ಟು ಉದ್ದವಿದ್ದು, ವಿಷಯವನ್ನು ಆಳವಾಗಿ ಬಲ್ಲವರಿಗಷ್ಟೇ ಹೊಳೆಯುವ ಸುಳಿವಿನಿಂದ ಆರಂಭವಾಗಿ, ಹಂತ ಹಂತವಾಗಿ ಸುಲಭವಾಗುತ್ತಾ, ಎಲ್ಲರೂ ಕೇಳಿರಬಹುದಾದ ಸುಳಿವಿನಲ್ಲಿ ಮುಗಿಯುತ್ತದೆ. ಪ್ರಶ್ನೆಯನ್ನು ಓದುತ್ತಿರುವಾಗಲೇ ಬಜರ್ ಒತ್ತುವ ಅವಕಾಶವಿರುವುದರಿಂದ ಹೆಚ್ಚು ತಿಳಿದವರು ಮೊದಲು ಒತ್ತುತ್ತಾರೆ. ಚಾಮರಾಜನಗರವೇ ಉತ್ತರವಾಗುವಂಥ ಪ್ರಶ್ನೆಯೊಂದನ್ನು ಈ ಕ್ರಮದಲ್ಲಿ ಕಟ್ಟಿದರೆ ಅದು ಹೀಗಿರಬಹುದು: ‘ಹೊಯ್ಸಳ ವಿಷ್ಣುವರ್ಧನನ ದಂಡನಾಯಕ ಪುಣಿಸನು 1117ರಲ್ಲಿ ಈ ಊರಿನಲ್ಲಿ ಪಾರ್ಶ್ವನಾಥ ಬಸದಿಯನ್ನು ಕಟ್ಟಿಸಿದನು, ಹಿಂದೆ ಅರಿಕುಠಾರವೆಂಬ ಹೆಸರಿದ್ದ ಈ ಊರಿಗೆ ಮುಮ್ಮಡಿ ಕೃಷ್ಣರಾಜ ಒಡೆಯರು ಇಲ್ಲಿಯೇ ಜನಿಸಿದ್ದ ತಮ್ಮ ತಂದೆಯ ಹೆಸರನ್ನಿಟ್ಟು, ಅದೇ ಹೆಸರಿನ ಈಶ್ವರನಿಗೆ ದೇವಾಲಯವನ್ನೂ ಕಟ್ಟಿಸಿದರು, 1997ರಲ್ಲಿ ಮೈಸೂರು ಜಿಲ್ಲೆಯಿಂದ ಬೇರ್ಪಟ್ಟ ಜಿಲ್ಲೆಗೆ ಕೇಂದ್ರವಾದ ಈ ಊರು ಯಾವುದು?’ ಶಾಸನಗಳನ್ನು ಓದಿದ ಇತಿಹಾಸದ ವಿದ್ಯಾರ್ಥಿನಿ ಪುಣಿಸನ ಹೆಸರು ಬಂದೊಡನೆ ಉತ್ತರ ಹೇಳಬಲ್ಲಳು, ಊರಿನ ಹಳೆಯ ಹೆಸರನ್ನು ಹಿರಿಯರಿಂದ ಕೇಳಿದವನು ಎರಡನೆಯ ಸುಳಿವಿಗೆ ಎಚ್ಚೆತ್ತುಕೊಳ್ಳುತ್ತಾನೆ, ಸಾಮಾನ್ಯಜ್ಞಾನದ ಕೈಪಿಡಿಯನ್ನಷ್ಟೇ ಓದಿದವನು ಕೊನೆಯವರೆಗೂ ಕಾಯಬೇಕಾಗುತ್ತದೆ. ‘ಚಾಮರಾಜನಗರ ಜಿಲ್ಲೆ ಯಾವ ವರ್ಷ ರಚನೆಯಾಯಿತು’ ಎಂದು ಒಂದೇ ಸಾಲಿನಲ್ಲಿ ಕೇಳಿಬಿಟ್ಟಿದ್ದರೆ ಈ ಮೂವರ ನಡುವಿನ ಅಂತರ ಕಾಣುತ್ತಲೇ ಇರಲಿಲ್ಲ. ಇಸವಿಯನ್ನು ಉರು ಹೊಡೆದವರು ಗೆಲ್ಲುತ್ತಿದ್ದರು.

ಭಾರತದಲ್ಲಿ ಈ ಆಟ ಬೇರೊಂದು ದಾರಿಯನ್ನು ಹಿಡಿಯಿತು. 1967ರಲ್ಲಿ ಕಲ್ಕತ್ತಾದ ಚರ್ಚೊಂದರ ಸಭಾಂಗಣದಲ್ಲಿ ನೀಲ್ ಓಬ್ರಿಯೆನ್ ನಡೆಸಿಕೊಟ್ಟ ಸ್ಪರ್ಧೆಯನ್ನು ದೇಶದ ಮೊದಲ ಮುಕ್ತ ರಸಪ್ರಶ್ನೆಯೆಂದು ಸಾಮಾನ್ಯವಾಗಿ ಗುರುತಿಸಲಾಗುತ್ತದೆ. 1985ರಲ್ಲಿ ಸಿದ್ಧಾರ್ಥ ಬಸು ದೂರದರ್ಶನದಲ್ಲಿ ನಡೆಸಿಕೊಟ್ಟ ‘ಕ್ವಿಜ್ ಟೈಮ್’ ಕಾಲೇಜು ತಂಡಗಳನ್ನು ಮನೆಮನೆಗೂ ಪರಿಚಯಿಸಿತು. ಕರ್ನಾಟಕದ ಮಟ್ಟಿಗೆ ದೊಡ್ಡ ತಿರುವೆಂದರೆ 1983ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ಕರ್ನಾಟಕ ಕ್ವಿಜ್ ಅಸೋಸಿಯೇಷನ್. ಹವ್ಯಾಸಿಗಳೇ ಪ್ರಶ್ನೆ ಬರೆದು, ಹವ್ಯಾಸಿಗಳೇ ಉತ್ತರಿಸುವ ಈ ಸಂಘ 2005ರಿಂದ ‘ಮಹಾಕ್ವಿಜರ್’ ಎಂಬ, 90 ನಿಮಿಷಗಳಲ್ಲಿ 150 ಪ್ರಶ್ನೆಗಳಿಗೆ ಒಬ್ಬೊಬ್ಬರಾಗಿ ಬರೆದು ಉತ್ತರಿಸುವ ಅಖಿಲ ಭಾರತ ಸ್ಪರ್ಧೆಯನ್ನು ಹಲವು ನಗರಗಳಲ್ಲಿ ಏಕಕಾಲಕ್ಕೆ ನಡೆಸುತ್ತಾ ಬಂದಿದೆ.

ಇಲ್ಲಿನ ಕಾಲೇಜು ಸ್ಪರ್ಧೆಯಲ್ಲಿ ಬಜರಿಗಿಂತ ಯೋಚನೆಗೆ ಹೆಚ್ಚು ಸಮಯ. ಮೊದಲಿಗೆ ಬಂದ ತಂಡಗಳೆಲ್ಲವೂ ಪ್ರಾಥಮಿಕ ಲಿಖಿತ ಸುತ್ತಿನಲ್ಲಿ ಇಪ್ಪತ್ತೈದು ಮೂವತ್ತು ಪ್ರಶ್ನೆಗಳಿಗೆ ಉತ್ತರ ಬರೆಯುತ್ತವೆ. ಅವುಗಳಲ್ಲಿ ಆರೋ ಎಂಟೋ ತಂಡಗಳು ವೇದಿಕೆಗೆ ಆಯ್ಕೆಯಾಗುತ್ತವೆ. ವೇದಿಕೆಯ ಮೇಲೆ ಒಂದು ತಂಡಕ್ಕೆ ಉತ್ತರ ಹೊಳೆಯದಿದ್ದರೆ ಪ್ರಶ್ನೆ ಪಕ್ಕದ ತಂಡಕ್ಕೆ ದಾಟುವುದು ‘ಬೌನ್ಸ್’. ತನ್ನ ಸರದಿಗೆ ಕಾಯದೆ, ಉತ್ತರವನ್ನು ಚೀಟಿಯಲ್ಲಿ ಬರೆದು ಕ್ವಿಜ್ ಮಾಸ್ಟರಿಗೆ ಕೊಟ್ಟು, ಸರಿಯಾದರೆ ಅಂಕ ಪಡೆದು ತಪ್ಪಾದರೆ ಅಂಕ ಕಳೆದುಕೊಳ್ಳುವ ಸಾಹಸ ‘ಪೌನ್ಸ್’. ಉತ್ತರ ನೇರವಾಗಿ ಗೊತ್ತಿಲ್ಲದಿದ್ದರೂ ಸುಳಿವುಗಳನ್ನು ಜೋಡಿಸಿ ಊಹಿಸಬಲ್ಲಂಥ ಪ್ರಶ್ನೆಯೇ ಇಲ್ಲಿ ಒಳ್ಳೆಯ ಪ್ರಶ್ನೆ. ‘1956ರ ನವೆಂಬರ್ 1ರಂದು ಮನೆಯಿಂದ ಒಂದು ಹೆಜ್ಜೆಯನ್ನೂ ಇಡದೆ ಒಂದು ರಾಜ್ಯದಿಂದ ಇನ್ನೊಂದು ರಾಜ್ಯಕ್ಕೆ ಸೇರಿಹೋದ ಜನ ಇಂದಿನ ಚಾಮರಾಜನಗರ ಜಿಲ್ಲೆಯ ಯಾವ ಹಳೆಯ ತಾಲ್ಲೂಕಿನವರು’ ಎಂದು ಕೇಳಿದಾಗ, ಆ ದಿನಾಂಕವು ರಾಜ್ಯಗಳ ಪುನರ್ವಿಂಗಡಣೆಯದೆಂದು ಒಬ್ಬರಿಗೂ, ಜಿಲ್ಲೆಯ ಪೂರ್ವಭಾಗ ಹಿಂದೆ ಮದರಾಸು ಪ್ರಾಂತದ ಕೊಯಮತ್ತೂರು ಜಿಲ್ಲೆಗೆ ಸೇರಿತ್ತೆಂದು ಇನ್ನೊಬ್ಬರಿಗೂ ನೆನಪಾದರೆ, ಇಬ್ಬರೂ ಸೇರಿ ಕೊಳ್ಳೇಗಾಲವನ್ನು ತಲುಪುತ್ತಾರೆ. ಹೀಗೆ ಇಬ್ಬರ ಅರೆತಿಳಿವು ಕೂಡಿ ಒಂದು ಪೂರ್ಣ ಉತ್ತರವಾಗುವ ಗಳಿಗೆಯ ಸಂತೋಷ ಬಹುಮಾನದ ಹಣಕ್ಕೆ ಸಿಗುವಂಥದ್ದಲ್ಲ.

ತಂಡದ ವರ್ಷವೂ ಅಮೆರಿಕದಂತೆ ಒಂದೇ ಸರಪಳಿಯಾಗಿರುವುದಿಲ್ಲ. ಇಲಾಖೆಗಳು, ಬ್ಯಾಂಕುಗಳು ಮತ್ತು ಸಂಘಸಂಸ್ಥೆಗಳು ನಡೆಸುವ ಬಿಡಿ ಸ್ಪರ್ಧೆಗಳು, ಮೈಸೂರು ಬೆಂಗಳೂರುಗಳ ಕಾಲೇಜುಗಳ ಉತ್ಸವಗಳು ವರ್ಷದುದ್ದಕ್ಕೂ ಚದುರಿರುತ್ತವೆ. ಇವುಗಳ ನಡುವೆ ಮೆಟ್ಟಿಲು ಮೆಟ್ಟಿಲಾಗಿ ಏರುವ ಸ್ಪರ್ಧೆಯೆಂದರೆ ಭಾರತೀಯ ವಿಶ್ವವಿದ್ಯಾಲಯಗಳ ಸಂಘದ ಅಂತರ ವಿಶ್ವವಿದ್ಯಾಲಯ ಯುವಜನೋತ್ಸವ. ಅದರ ಸಾಹಿತ್ಯ ವಿಭಾಗದಲ್ಲಿ ಭಾಷಣ, ಚರ್ಚೆಗಳ ಜೊತೆಗೆ ರಸಪ್ರಶ್ನೆಯೂ ಸೇರಿದ್ದು, ಮೂವರ ತಂಡ ವಿಶ್ವವಿದ್ಯಾಲಯವನ್ನು ಪ್ರತಿನಿಧಿಸಿ ಮೊದಲು ದಕ್ಷಿಣ ವಲಯದಲ್ಲಿ, ಅಲ್ಲಿ ಗೆದ್ದರೆ ರಾಷ್ಟ್ರಮಟ್ಟದಲ್ಲಿ ಸ್ಪರ್ಧಿಸುತ್ತದೆ. ಮೈಸೂರು ವಿಶ್ವವಿದ್ಯಾಲಯದಿಂದ ಬೇರ್ಪಟ್ಟು 2023ರಲ್ಲಿ ಉದ್ಘಾಟನೆಗೊಂಡ ಚಾಮರಾಜನಗರ ವಿಶ್ವವಿದ್ಯಾಲಯ ಜಿಲ್ಲೆಯ ವಿದ್ಯಾರ್ಥಿಗಳ ಪಾಲಿಗೆ ಈ ದೃಷ್ಟಿಯಿಂದಲೂ ಮುಖ್ಯವಾದದ್ದು, ಏಕೆಂದರೆ ಮೈಸೂರು ನಗರದ ಹೆಸರಾಂತ ಕಾಲೇಜುಗಳೊಡನೆ ಪೈಪೋಟಿ ನಡೆಸಿ ಒಂದು ಸ್ಥಾನ ಗಿಟ್ಟಿಸಬೇಕಾಗಿದ್ದಲ್ಲಿ ಜಿಲ್ಲೆಗೆ ತನ್ನದೇ ತಂಡವನ್ನು ಕಟ್ಟುವ ಅವಕಾಶ ಅದರಿಂದ ದೊರೆಯಿತು.

ಇಂಥದೇ ಇನ್ನೊಂದು ಮೆಟ್ಟಿಲನ್ನು 2024ರಲ್ಲಿ ಭಾರತೀಯ ರಿಸರ್ವ್ ಬ್ಯಾಂಕ್ ತನ್ನ 90ನೆಯ ವರ್ಷದ ನಿಮಿತ್ತ ಪದವಿ ವಿದ್ಯಾರ್ಥಿಗಳಿಗಾಗಿ ಕಟ್ಟಿತು. ಒಂದೇ ಕಾಲೇಜಿನ ಇಬ್ಬರ ತಂಡಗಳು ಸೆಪ್ಟೆಂಬರಿನಲ್ಲಿ ಆನ್‌ಲೈನ್ ಸುತ್ತನ್ನು ಎದುರಿಸಿ, ಅಲ್ಲಿಂದ ರಾಜ್ಯ, ವಲಯಗಳನ್ನು ದಾಟಿ, ಡಿಸೆಂಬರಿನಲ್ಲಿ ಮುಂಬಯಿಯ ಅಂತಿಮ ಸುತ್ತನ್ನು ತಲುಪಿದ ಈ ಸ್ಪರ್ಧೆಯ ಮೊದಲ ಬಹುಮಾನ 10 ಲಕ್ಷ ರೂಪಾಯಿಯಾಗಿತ್ತು. ಮೊದಲ ಸುತ್ತಿಗೆ ಪ್ರಯಾಣವೇ ಬೇಕಿರಲಿಲ್ಲವೆಂಬುದು ಹಳ್ಳಿಗಾಡಿನ ಕಾಲೇಜುಗಳಿಗೆ ದೊರೆತ ನಿಜವಾದ ಅನುಕೂಲ. ಗುಂಡ್ಲುಪೇಟೆಯಿಂದ ಮೈಸೂರಿಗೆ ಬಸ್ಸಿನಲ್ಲಿ ಸುಮಾರು 60 ಕಿಲೋಮೀಟರ್ ಹೋಗಿ, ಲಿಖಿತ ಸುತ್ತಿನಲ್ಲೇ ಹೊರಬಿದ್ದು, ದಿನದ ತರಗತಿಗಳನ್ನೂ ಕಳೆದುಕೊಂಡು ಹಿಂದಿರುಗಬೇಕಾದ ತಂಡಕ್ಕೂ, ಮೈಸೂರಿನಲ್ಲೇ ಇದ್ದು ವಾರಕ್ಕೊಂದು ಸ್ಪರ್ಧೆ ಎದುರಿಸುವ ತಂಡಕ್ಕೂ ನಡುವಿನ ಅಂತರವನ್ನು ಪ್ರತಿಭೆಯ ಅಂತರವೆಂದು ತಪ್ಪಾಗಿ ಓದಲಾಗುತ್ತಿದೆ. ರಸಪ್ರಶ್ನೆಯಲ್ಲಿ ಸೋತ ಪ್ರಶ್ನೆಗಳೇ ದೊಡ್ಡ ಪಾಠವಾಗಿರುವುದರಿಂದ, ಹೆಚ್ಚು ಬಾರಿ ಸೋಲುವ ಅವಕಾಶವಿದ್ದವರೇ ಬೇಗ ಬಲಿಯುತ್ತಾರೆ.

ಪ್ರಯಾಣಕ್ಕಿಂತ ದೊಡ್ಡ ತಡೆ ಭಾಷೆ. ನಗರದ ಸ್ಪರ್ಧೆಗಳು ಬಹುಮಟ್ಟಿಗೆ ಇಂಗ್ಲಿಷಿನಲ್ಲಿ ನಡೆಯುತ್ತವೆ. ಪ್ರಶ್ನೆಗಳಲ್ಲಿ ಹಾಲಿವುಡ್ ಚಿತ್ರಗಳು, ಯುರೋಪಿನ ಫುಟ್‌ಬಾಲ್ ಕ್ಲಬ್ಬುಗಳು, ವಿದೇಶಿ ಕಂಪನಿಗಳ ಲಾಂಛನಗಳು ಮತ್ತೆ ಮತ್ತೆ ಬರುತ್ತವೆ. ಇದು ತಪ್ಪೆಂದಲ್ಲ, ಲೋಕವನ್ನು ಅರಿಯುವ ಕುತೂಹಲಕ್ಕೆ ಗಡಿಯಿರಬಾರದು. ಆದರೆ ಕನ್ನಡ ಮಾಧ್ಯಮದಲ್ಲಿ ಓದಿ ಬಂದ ವಿದ್ಯಾರ್ಥಿಗೆ ಗೊತ್ತಿರುವ ಉತ್ತರವೂ ಪ್ರಶ್ನೆಯ ವಾಕ್ಯ ಅರ್ಥವಾಗುವಷ್ಟರಲ್ಲಿ ಕೈತಪ್ಪಿಹೋಗುವುದು ಅನ್ಯಾಯ. ಕನ್ನಡದಲ್ಲಿ ಉನ್ನತ ಮಟ್ಟದ ರಸಪ್ರಶ್ನೆ ಸಾಧ್ಯವೇ ಎಂಬ ಶಂಕೆಗೆ ದೂರದರ್ಶನದ ಚಂದನ ವಾಹಿನಿಯಲ್ಲಿ 2002ರ ಜನವರಿಯಲ್ಲಿ ಆರಂಭವಾದ ‘ಥಟ್ ಅಂತ ಹೇಳಿ’ ಉತ್ತರ ಕೊಟ್ಟಾಗಿದೆ. ವೃತ್ತಿಯಿಂದ ವೈದ್ಯರಾದ ಡಾ. ನಾ. ಸೋಮೇಶ್ವರ ಅವರು ನಡೆಸಿಕೊಡುವ ಈ ಕಾರ್ಯಕ್ರಮ ಮೂರು ಸಾವಿರಕ್ಕೂ ಹೆಚ್ಚು ಸಂಚಿಕೆಗಳನ್ನು ದಾಟಿ, ಹಣದ ಬದಲು ಕನ್ನಡ ಪುಸ್ತಕಗಳನ್ನೇ ಬಹುಮಾನವಾಗಿ ಕೊಡುತ್ತಾ, ವಿಜ್ಞಾನದಿಂದ ಹಳಗನ್ನಡ ಕಾವ್ಯದವರೆಗೆ ಯಾವ ವಿಷಯವನ್ನೂ ಕನ್ನಡದಲ್ಲಿ ಕೇಳಬಹುದೆಂದು ತೋರಿಸಿದೆ.

ಚಾಮರಾಜನಗರದಂಥ ಜಿಲ್ಲೆಯಲ್ಲಿ ಪ್ರಶ್ನೆಗಳಿಗೆ ಬರವಿಲ್ಲ. ತಮಿಳುನಾಡು ಮತ್ತು ಕೇರಳ ಎರಡಕ್ಕೂ ಗಡಿಯಾಗಿರುವ ಈ ಜಿಲ್ಲೆಯ ಬಂಡೀಪುರ 1973ರಲ್ಲಿ ಹುಲಿ ಯೋಜನೆಯ ಮೊದಲ ಒಂಬತ್ತು ಅರಣ್ಯಗಳಲ್ಲಿ ಒಂದಾಗಿತ್ತು. ಬಿಳಿಗಿರಿರಂಗನ ಬೆಟ್ಟದ ಸೋಲಿಗರು ಹುಲಿ ಸಂರಕ್ಷಿತ ಪ್ರದೇಶದೊಳಗೆ ಸಮುದಾಯ ಅರಣ್ಯ ಹಕ್ಕು ಪಡೆದು ದೇಶದ ಗಮನ ಸೆಳೆದರು. ಕರ್ನಾಟಕ ವಿಧಾನಸಭೆಯ ಮೊದಲ ಮಹಿಳಾ ಸಭಾಧ್ಯಕ್ಷೆ ಕೆ.ಎಸ್. ನಾಗರತ್ನಮ್ಮ ಗುಂಡ್ಲುಪೇಟೆ ಕ್ಷೇತ್ರದವರು. ಮಲೆ ಮಹದೇಶ್ವರ, ಮಂಟೇಸ್ವಾಮಿ ಕಾವ್ಯಗಳನ್ನು ಹಾಡುವ ದೇವರಗುಡ್ಡರು ಮತ್ತು ನೀಲಗಾರರು ಇಂದಿಗೂ ಇಲ್ಲಿನ ಜಾತ್ರೆಗಳಲ್ಲಿ ಕಾಣಸಿಗುತ್ತಾರೆ. ಇವನ್ನು ಪಿರಮಿಡ್ ಮಾದರಿಯಲ್ಲಿ ಕಟ್ಟಿ, ಕನ್ನಡದಲ್ಲಿ ಕೇಳಿ, ಅವುಗಳ ಪಕ್ಕದಲ್ಲೇ ಲೋಕದ ಬೇರೆ ಸಂಗತಿಗಳನ್ನೂ ಇಟ್ಟು ತಾಲ್ಲೂಕಿನ ಕಾಲೇಜುಗಳ ನಡುವೆ ತಿಂಗಳಿಗೊಂದು ಪಂದ್ಯ ನಡೆಸಿದರೆ, ಯುವಜನೋತ್ಸವದ ಆಯ್ಕೆಯ ಹೊತ್ತಿಗೆ ಬಂದು ನಿಲ್ಲುವ ತಂಡ ಆಗಲೇ ಪಳಗಿರುತ್ತದೆ.

ಇದಕ್ಕೆ ಬೇಕಾದ ಸಲಕರಣೆ ದುಬಾರಿಯಲ್ಲ: ಪ್ರಶ್ನೆ ಬರೆಯಲು ಸಿದ್ಧರಿರುವ ಒಬ್ಬಿಬ್ಬರು ಅಧ್ಯಾಪಕರು, ಶನಿವಾರದ ಒಂದು ಗಂಟೆ, ಓದಲು ದಿನಪತ್ರಿಕೆಗಳಿರುವ ಗ್ರಂಥಾಲಯ, ಇತಿಹಾಸ, ವಿಜ್ಞಾನ, ಸಾಹಿತ್ಯ, ಕ್ರೀಡೆಗಳನ್ನು ತಮ್ಮತಮ್ಮಲ್ಲಿ ಹಂಚಿಕೊಂಡ ಮೂವರು ನಾಲ್ವರು ವಿದ್ಯಾರ್ಥಿಗಳು. ಆದರೆ ಪದವಿಯ ಅವಧಿ ಮೂರೇ ವರ್ಷವಾದ್ದರಿಂದ ತಂಡ ಪಳಗುವ ಹೊತ್ತಿಗೆ ಸದಸ್ಯರು ಕಾಲೇಜನ್ನೇ ಬಿಡುತ್ತಾರೆ, ಅವರು ಕೂಡಿಸಿಟ್ಟದ್ದು ಅವರೊಡನೆಯೇ ಹೋಗುತ್ತದೆ. ಎದುರಿಸಿದ ಪ್ರತಿ ಸ್ಪರ್ಧೆಯ ಪ್ರಶ್ನೆಗಳನ್ನೂ, ತಪ್ಪಿದ ಉತ್ತರಗಳನ್ನೂ, ತಾವೇ ಬರೆದ ಪ್ರಶ್ನೆಗಳನ್ನೂ ದಪ್ಪ ರಟ್ಟಿನ ಒಂದು ಪುಸ್ತಕದಲ್ಲಿ ದಿನಾಂಕದೊಡನೆ ದಾಖಲಿಸಿ ಗ್ರಂಥಾಲಯಕ್ಕೆ ಒಪ್ಪಿಸುವ ಪದ್ಧತಿಯನ್ನು ಕಾಲೇಜುಗಳು ಇಟ್ಟುಕೊಂಡರೆ, ಜೂನಿಯರುಗಳು ಮೊದಲ ವರ್ಷದಲ್ಲೇ ಆ ಪುಸ್ತಕದಿಂದ ಅಭ್ಯಾಸ ಆರಂಭಿಸಬಹುದು.