ಮರೆವಿನ ಕಾಯಿಲೆ: ಆಟ ಪರೀಕ್ಷೆಯಾಗದಿರಲಿ

"ನಾನು ಯಾರು, ಹೇಳಿ ನೋಡೋಣ?" ಡಿಮೆನ್ಶಿಯಾ ಇರುವ ಹಿರಿಯರನ್ನು ನೋಡಲು ಬಂದವರು ಮೊದಲು ಕೇಳುವ ಪ್ರಶ್ನೆ ಇದೇ. ಕೇಳುವುದು ಪ್ರೀತಿಯಿಂದಲೇ. ಆದರೆ ಉತ್ತರ ಹೊಳೆಯದ ಹಿರಿಯರು ಎಲ್ಲರೆದುರು ತಲೆ ತಗ್ಗಿಸಬೇಕಾಗುತ್ತದೆ. ವೈದ್ಯನಾದ ನಾನೂ ಈ ತಪ್ಪು ಮಾಡಿದ್ದೇನೆ. ನನ್ನ ಉಮ್ಮನಿಗೆ ಮರೆವು ಶುರುವಾದಾಗ, ಚಿತ್ರದ ಕಾರ್ಡುಗಳಲ್ಲಿ ಜೋಡಿ ಹುಡುಕುವ ಆಟ ತಂದು ಮುಂದಿಟ್ಟೆ. ಮೂರನೇ ಸಲ ತಪ್ಪಿದಾಗ ಅವರು ಕಾರ್ಡುಗಳನ್ನು ಸರಿಸಿ ಎದ್ದು ಹೋದರು. ಆಮೇಲೆ ಆ ಡಬ್ಬಿ ಕಂಡರೇ ಮುಖ ತಿರುಗಿಸುತ್ತಿದ್ದರು.

ಈ ಕಾಯಿಲೆಯಲ್ಲಿ ಸಾಮಾನ್ಯವಾಗಿ ಮೊದಲು ಜಾರುವುದು ಇತ್ತೀಚಿನ ನೆನಪು. ಬೆಳಗ್ಗೆ ತಿಂದದ್ದು ಮರೆತುಹೋಗುತ್ತದೆ, ಆದರೆ ಮಲ್ಲಿಗೆ ಕಟ್ಟುವಂತಹ ಕೈಗೆ ರೂಢಿಯಾದ ಕೆಲಸ ಬಹಳ ಕಾಲ ಉಳಿಯುತ್ತದೆ. ಹಾಗಾಗಿ ಹೊಸ ಆಟ ಕಲಿಸುವುದಕ್ಕಿಂತ ಅವರು ಬಾಲ್ಯದಲ್ಲಿ ಆಡಿದ್ದನ್ನೇ ಮುಂದಿಡುವುದು ಮೇಲು. ನಾವು ಅಟ್ಟದಿಂದ ಚೆನ್ನೆಮಣೆ ಇಳಿಸಿದೆವು. ಹದಿನಾಲ್ಕು ಗುಳಿ, ಗುಳಿಗೆ ನಾಲ್ಕು ಕಾಯಿ. ನನ್ನ ಹೆಸರು ತಪ್ಪಿ ಹೇಳುತ್ತಿದ್ದ ಉಮ್ಮ ಕಾಯಿಗಳನ್ನು ಒಂದೊಂದಾಗಿ ಬಿಡುತ್ತಾ ಹೋದರು. ನಡುವೆ ನಿಯಮ ತಪ್ಪುತ್ತಿತ್ತು, ನಾವು ತಿದ್ದಲಿಲ್ಲ. ದಾಳ ಹಾಕುವ ಆಟ ಬೇಡವೆನ್ನುವ ಮನೆಗಳಿಗೂ ಇದು ಹೊಂದುತ್ತದೆ, ಇದರಲ್ಲಿ ದಾಳವೇ ಇಲ್ಲ.

ಬ್ರಿಟನ್ನಿನಲ್ಲಿ ಸೌಮ್ಯ ಮತ್ತು ಮಧ್ಯಮ ಹಂತದ ಡಿಮೆನ್ಶಿಯಾಕ್ಕೆ ಇಂತಹ ಚಟುವಟಿಕೆಗಳ ಕ್ರಮಬದ್ಧ ಚಿಕಿತ್ಸೆಯೇ ಇದೆ. ಸಣ್ಣ ಗುಂಪು, ವಾರಕ್ಕೆ ಎರಡು ಸಲ, ಸುಮಾರು 45 ನಿಮಿಷ, ಒಟ್ಟು 14 ಬಾರಿ. 2003ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಭಾಗವಹಿಸಿದವರ ಯೋಚನಾಶಕ್ತಿಯೂ ಜೀವನದ ಗುಣಮಟ್ಟವೂ ಸ್ವಲ್ಪ ಸುಧಾರಿಸಿದ್ದು ಕಂಡುಬಂತು. ಅಲ್ಲಿಯ ಒಂದು ನಿಯಮ ನನಗೆ ತುಂಬಾ ಹಿಡಿಸಿತು: ಮಾಹಿತಿ ಕೇಳಬೇಡಿ, ಅಭಿಪ್ರಾಯ ಕೇಳಿ. "ನಿನ್ನೆ ಯಾವ ಮೀನು ತಿಂದಿರಿ?" ಎಂದರೆ ಅದು ಪರೀಕ್ಷೆ. "ಬಂಗುಡೆ ರುಚಿಯೋ, ಬೂತಾಯಿಯೋ?" ಎಂದರೆ ತಪ್ಪು ಉತ್ತರವೇ ಇಲ್ಲ, ಮಾತು ಮಾತ್ರ ಬೆಳೆಯುತ್ತದೆ.

ಯುನಾನಿಯಲ್ಲಿ ಮರೆವಿಗೆ ನಿಸ್ಯಾನ್ ಎನ್ನುತ್ತೇವೆ, ಅದಕ್ಕೆ ಔಷಧಿಗಳೂ ಇವೆ. ಆದರೆ ಆಲ್ಝೈಮರ್ ಕಾಯಿಲೆಯನ್ನು ಪೂರ್ಣ ಗುಣಪಡಿಸುವ ಮದ್ದು ಯಾವ ಪದ್ಧತಿಯಲ್ಲೂ ಇಲ್ಲ, ಆಟದಿಂದಲೂ ಅದು ಆಗದು. ಥೈರಾಯ್ಡ್ ತೊಂದರೆ, ವಿಟಮಿನ್ ಬಿ12 ಕೊರತೆ, ಖಿನ್ನತೆಯಿಂದಲೂ ಮರೆವು ಬರುತ್ತದೆ, ಇವಕ್ಕೆ ಚಿಕಿತ್ಸೆ ಇದೆ. ಆದ್ದರಿಂದ ಮೊದಲು ತಪಾಸಣೆ ಮಾಡಿಸಿ.

ಮನೆಯಲ್ಲಿ ಇಪ್ಪತ್ತು ನಿಮಿಷದ ಆಟ ಸಾಕು. ಸಂಜೆ ಹೊತ್ತಿಗೆ ಹಲವರಿಗೆ ಗಲಿಬಿಲಿ ಹೆಚ್ಚುವುದರಿಂದ ಬೆಳಗಿನ ಹೊತ್ತು ಒಳ್ಳೆಯದು. ಕನ್ನಡಕ, ಶ್ರವಣಯಂತ್ರ ಇದ್ದರೆ ಮೊದಲೇ ಹಾಕಿಸಿ. ಸಿಕ್ಕಿದ್ದನ್ನು ಬಾಯಿಗೆ ಹಾಕಿಕೊಳ್ಳುವ ಹಂತ ತಲುಪಿದವರಿಗೆ ಸಣ್ಣ ಕಾಯಿಗಳು ಬೇಡ, ಬಣ್ಣದ ಬಟ್ಟೆ ಮಡಚುವಂತಹ ಕೆಲಸ ಕೊಡಿ. ಚೆನ್ನೆಮಣೆಗೆ ಗುಲಗಂಜಿಯನ್ನಂತೂ ಬಳಸಲೇಬೇಡಿ, ಅದರ ಬೀಜ ವಿಷ.