ಪಹಣಿಯಿಲ್ಲದ ಮನೆ, ಪಹರೆಯಿರುವ ಕಾಡು

ಅರ್ಥಶಾಸ್ತ್ರಜ್ಞ ಡಾ. ಡಿ.ಎಂ. ನಂಜುಂಡಪ್ಪ 2002ರ ಜೂನ್‌ನಲ್ಲಿ ಪ್ರಾದೇಶಿಕ ಅಸಮತೋಲನದ ವರದಿ ಒಪ್ಪಿಸಿದಾಗ ಕೊಪ್ಪ, ಶೃಂಗೇರಿ, ನರಸಿಂಹರಾಜಪುರದ ಹೆಸರು ಹಿಂದುಳಿದವುಗಳ ಪಟ್ಟಿಯಲ್ಲಿರಲಿಲ್ಲ. ಆಗಿನ 175 ತಾಲ್ಲೂಕುಗಳನ್ನು 35 ಸೂಚಕಗಳಿಂದ ಅಳೆದ ಸಮಿತಿ 114 ಹಿಂದುಳಿದಿವೆ ಎಂದಿತು. ಚಿಕ್ಕಮಗಳೂರು ಜಿಲ್ಲೆಯಿಂದ ಆ ಪಟ್ಟಿ ಸೇರಿದ್ದು ಕಡೂರು, ತರೀಕೆರೆ. ಅಡಿಕೆ, ಕಾಫಿ, ಒಳ್ಳೆಯ ಮಳೆ, ಓದುಬರಹ ಬಲ್ಲ ಜನ ಇರುವ ಮಲೆನಾಡಿನ ಈ ಮೂರು ತಾಲ್ಲೂಕುಗಳು ಲೆಕ್ಕದಲ್ಲಿ ಚೆನ್ನಾಗಿಯೇ ಇದ್ದವು.

ಮುಂದಿನ ವರ್ಷ, 2003ರ ನವೆಂಬರ್ 17ರಂದು, ಘಟ್ಟದ ಕೆಳಗಿನ ಈದುವಿನಲ್ಲಿ ನಕ್ಸಲ್ ಗುಂಪಿನ ಹಾಜಿಮಾ ಮತ್ತು ಪಾರ್ವತಿ ಪೊಲೀಸರ ಗುಂಡಿಗೆ ಬಲಿಯಾದರು. 2005ರ ಫೆಬ್ರುವರಿ 6ರಂದು ಕೊಪ್ಪ ತಾಲ್ಲೂಕಿನ ಮೆಣಸಿನಹಾಡ್ಯದ ಬಳಿ ನಕ್ಸಲ್ ನಾಯಕ ಸಾಕೇತ್ ರಾಜನ್ ಹತರಾದರು. ಅದರ ಬೆನ್ನಿಗೇ ಪಾವಗಡದ ವೆಂಕಟಮ್ಮನಹಳ್ಳಿಯಲ್ಲಿ ನಕ್ಸಲರಿಂದ ಪೊಲೀಸರ ಹತ್ಯೆಯಾಯಿತು. ಕೆರೆಕಟ್ಟೆಯಲ್ಲಿ ನಕ್ಸಲ್ ನಿಗ್ರಹ ಪಡೆಯ ಶಿಬಿರ ಎದ್ದಿತು. ‘ಮುಂದುವರಿದ’ ತಾಲ್ಲೂಕುಗಳು ಕೆಲವೇ ವರ್ಷಗಳಲ್ಲಿ ‘ನಕ್ಸಲ್‌ಪೀಡಿತ’ ಎನಿಸಿಕೊಂಡವು.

ನಂಜುಂಡಪ್ಪನವರ ಕೆಲಸದ ಬಗ್ಗೆ ನನಗೆ ಗೌರವವಿದೆ. ಜಿಲ್ಲೆಯ ಲೆಕ್ಕವನ್ನು ತಾಲ್ಲೂಕಿಗೆ ಇಳಿಸಿದ್ದೇ ದೊಡ್ಡ ಹೆಜ್ಜೆ. ಆದರೆ ಮಲೆನಾಡಿಗೆ ಅಷ್ಟು ಸಾಲದು. ಇಲ್ಲಿ ಒಂದೇ ಗ್ರಾಮ ಪಂಚಾಯಿತಿಯೊಳಗೆ ಹತ್ತಾರು ಎಕರೆ ತೋಟದ ಮನೆಯೂ ಇದೆ, ಕರೆಂಟು ಕಾಣದ ಗೌಡ್ಲು ಆದಿವಾಸಿ ಕುಟುಂಬವೂ ಇದೆ. ಎರಡನ್ನೂ ಕೂಡಿಸಿ ಭಾಗಿಸಿದರೆ ಎರಡನೆಯದು ಕಾಣೆಯಾಗುತ್ತದೆ. ಹಸಿವಿಗೆ ಧಾನ್ಯದ ಅಭಾವವೊಂದೇ ಕಾರಣವಲ್ಲ, ಅದನ್ನು ಪಡೆಯುವ ಹಕ್ಕಿಲ್ಲದಿರುವುದೂ ಕಾರಣ ಎಂದು ಅಮರ್ತ್ಯ ಸೇನ್ 1981ರಲ್ಲೇ ವಾದಿಸಿದ್ದರು. ಮಲೆನಾಡಿನಲ್ಲೂ ನೆಲಕ್ಕೆ, ನೀರಿಗೆ ಬರವಿರಲಿಲ್ಲ, ಬರವಿದ್ದದ್ದು ಹಕ್ಕುಪತ್ರಕ್ಕೆ.

ಕಾಡಂಚಿನ ಅನೇಕ ಮನೆಗಳಲ್ಲಿ ಜಮೀನಿನ ವಿಷಯ ಎತ್ತಿದರೆ ಒಳಗಿನಿಂದ ಒಂದು ಪ್ಲಾಸ್ಟಿಕ್ ಚೀಲ ಬರುತ್ತದೆ. ಸಾಗುವಳಿ ಸಕ್ರಮಕ್ಕೆ ಹಾಕಿದ ಬಗರ್‌ಹುಕುಂ ನಮೂನೆ 50ರ ಸ್ವೀಕೃತಿ, ಅದು ಇತ್ಯರ್ಥವಾಗದೆ ಹಾಕಿದ 53, ಅದೂ ಆಗದೆ 57. ಮನೆಯಡಿ ಜಾಗಕ್ಕೆ 94ಸಿ ಅರ್ಜಿ. ಅರಣ್ಯ ಹಕ್ಕು ಸಮಿತಿಗೆ ಕೊಟ್ಟ ಅರ್ಜಿ. ಅದರ ಮೇಲೊಂದು ಒತ್ತುವರಿ ನೋಟಿಸು. ಮತದಾರರ ಗುರುತಿನ ಚೀಟಿ ಇದೆ, ರೇಷನ್ ಕಾರ್ಡೂ ಇದೆ, ಪಹಣಿಯಲ್ಲಿ ಮಾತ್ರ ಹೆಸರಿಲ್ಲ. ಹೆಸರಿಲ್ಲದ ಮೇಲೆ ಸೊಸೈಟಿಯ ಬೆಳೆಸಾಲವೂ ಇಲ್ಲ, ಬೆಳೆವಿಮೆಯೂ ಇಲ್ಲ. ಕುದುರೆಮುಖ ರಾಷ್ಟ್ರೀಯ ಉದ್ಯಾನಕ್ಕೆ 1987ರಲ್ಲಿ ಮೊದಲ ಅಧಿಸೂಚನೆ, 2001ರಲ್ಲಿ ಅಂತಿಮ ಅಧಿಸೂಚನೆ ಹೊರಟಾಗ ಇಂಥ ಮನೆಗಳಿಗೆ ಮುಟ್ಟಿದ್ದು ಒಕ್ಕಲೆಬ್ಬಿಸುವ ಭಯ. ಬಂದೂಕು ಹಿಡಿದವರಿಗೆ ಅನ್ನ ಹಾಕಿದವರಲ್ಲಿ ಸಿದ್ಧಾಂತ ಓದಿದವರು ಎಷ್ಟು ಮಂದಿ ಇದ್ದಾರು?

ಅದೇ ಹೊತ್ತಿಗೆ, ಅದೇ ಜಿಲ್ಲೆಯಲ್ಲಿ ಇನ್ನೊಂದು ಬಗೆಯೂ ಸಾಧ್ಯವಾಗಿತ್ತು. ಭದ್ರಾ ಅಭಯಾರಣ್ಯದೊಳಗಿದ್ದ ಹಳ್ಳಿಗಳ ಜನರಿಗೆ ತರೀಕೆರೆ ತಾಲ್ಲೂಕಿನ ಎಂ.ಸಿ. ಹಳ್ಳಿಯಲ್ಲಿ ನೀರಾವರಿ ಜಮೀನು ಕೊಟ್ಟು ನೆಲೆ ಕಲ್ಪಿಸಲಾಯಿತು. ಕೊರತೆಗಳು ಅಲ್ಲೂ ಇದ್ದವು. ಆದರೂ ಕಾಡು ಬಿಟ್ಟವರ ಕೈಗೆ ನೆಲ ಸಿಕ್ಕಿತು. ಭದ್ರತೆಯ ಖರ್ಚು ಎಂದಾಗ ನಾವು ಇಂಥ ಪುನರ್ವಸತಿಯನ್ನೂ ಲೆಕ್ಕಕ್ಕೆ ಹಿಡಿಯಬೇಕು.

ನೆಲದ ಹಕ್ಕೂ ಭದ್ರತೆಯೇ ಎಂಬ ಮಾತು ದೆಹಲಿಗೆ ತಿಳಿಯದ್ದಲ್ಲ. ಯೋಜನಾ ಆಯೋಗ ನೇಮಿಸಿದ ಡಿ. ಬಂಡೋಪಾಧ್ಯಾಯ ಸಮಿತಿಯಲ್ಲಿ ಅರ್ಥಶಾಸ್ತ್ರಜ್ಞ ಸುಖದೇವ್ ಥೋರಟ್, ಮಾನವ ಹಕ್ಕುಗಳ ವಕೀಲ ಕೆ. ಬಾಲಗೋಪಾಲ್, ಗುಪ್ತಚರ ದಳದ ನಿವೃತ್ತ ಮುಖ್ಯಸ್ಥ ಅಜಿತ್ ದೋವಲ್ ಒಂದೇ ಮೇಜಿನ ಸುತ್ತ ಕೂತಿದ್ದರು. ನಕ್ಸಲ್ ಚಳವಳಿಗೆ ಭೂಹೀನರಲ್ಲಿ, ಆದಿವಾಸಿಗಳಲ್ಲಿ ಬೇರಿದೆ, ಅದನ್ನು ರಾಜಕೀಯ ಚಳವಳಿಯೆಂದು ಒಪ್ಪಿಕೊಂಡೇ ಎದುರಿಸಬೇಕು ಎಂದು 2008ರಲ್ಲಿ ಬಂದ ಅದರ ವರದಿ ಹೇಳಿತು.

ಭದ್ರತೆಯ ಮಾತು ಕಾಡಿಗಷ್ಟೇ ಮುಗಿಯುವುದಿಲ್ಲ; ದೇಶದ ಗಡಿಗೂ ಈ ತಾಲ್ಲೂಕುಗಳಿಗೂ ಏನು ಸಂಬಂಧ ಎನ್ನುವವರು ಅಡಿಕೆ ಮಂಡಿಗೆ ಹೋಗಲಿ. ರಾಶಿ, ಬೆಟ್ಟೆ, ಗೊರಬಲಿನ ದರ ಹೇಳುವವರ ಬಾಯಲ್ಲಿ ಬರ್ಮಾ ಅಡಿಕೆಯ ಹೆಸರೂ ಇರುತ್ತದೆ. ಮ್ಯಾನ್ಮಾರ್ ಗಡಿ ದಾಟಿ ಮಿಜೋರಾಂ ಮೂಲಕ ಕಳ್ಳಸಾಗಣೆಯಾಗುವ ಅಡಿಕೆಯನ್ನು ಅಸ್ಸಾಂ ರೈಫಲ್ಸ್ ಮತ್ತೆ ಮತ್ತೆ ಹಿಡಿಯುತ್ತಲೇ ಇದೆ. ಕೇಂದ್ರ ಸರ್ಕಾರ 2023ರ ಫೆಬ್ರುವರಿಯಲ್ಲಿ ಕನಿಷ್ಠ ಆಮದು ಬೆಲೆಯನ್ನು ಕೆ.ಜಿ.ಗೆ 251 ರೂಪಾಯಿಯಿಂದ 351ಕ್ಕೆ ಏರಿಸಿತು. ಆದರೆ ಕದ್ದು ಬರುವ ಮಾಲಿಗೆ ಆ ಬೆಲೆ ತಾಗುವುದಿಲ್ಲ. ಹಳದಿ ಎಲೆ ರೋಗ, ಎಲೆಚುಕ್ಕೆ ರೋಗಗಳಿಂದ ತೋಟವೇ ಸೊರಗಿರುವಾಗ ದರವೂ ಕುಸಿದರೆ ಮೊದಲು ಬೀಳುವವನು ಅರ್ಧ ಎಕರೆಯವನು.

ಇತ್ತ ಕಾಡಿನಲ್ಲಿ ಕೊನೆಗೂ ಕೋವಿ ಕೆಳಗಿಳಿದದ್ದು ಬಹುಪಾಲು ಮಾತುಕತೆಯಿಂದ. 2014ರ ಡಿಸೆಂಬರ್‌ನಲ್ಲಿ ಎಚ್.ಎಸ್. ದೊರೆಸ್ವಾಮಿ, ಎ.ಕೆ. ಸುಬ್ಬಯ್ಯ, ಗೌರಿ ಲಂಕೇಶ್ ಮಧ್ಯೆ ನಿಂತು ನಕ್ಸಲ್ ನಾಯಕರಾದ ಸಿರಿಮನೆ ನಾಗರಾಜ್, ನೂರ್ ಜುಲ್ಫಿಕರ್ ಅವರನ್ನು ಮುಖ್ಯವಾಹಿನಿಗೆ ಕರೆತಂದರು. 2024ರ ನವೆಂಬರ್‌ನಲ್ಲಿ ಹೆಬ್ರಿ ಕಡೆಯ ಪೀತಬೈಲಿನಲ್ಲಿ ನಕ್ಸಲ್ ನಾಯಕ ವಿಕ್ರಂ ಗೌಡ ಹತನಾದ ಮೇಲೂ ಅದೇ ದಾರಿ ಕೈಹಿಡಿಯಿತು. 2025ರ ಜನವರಿ 8ರಂದು ಶೃಂಗೇರಿ ತಾಲ್ಲೂಕಿನ ಮುಂಡಗಾರು ಲತಾ ಸೇರಿ ಆರು ಮಂದಿ ನಕ್ಸಲರು ಬೆಂಗಳೂರಿನಲ್ಲಿ ಮುಖ್ಯಮಂತ್ರಿಯ ಎದುರು ಶರಣಾದರು. ಅವರ ಬೇಡಿಕೆಗಳಲ್ಲಿ ಆದಿವಾಸಿಗಳ ಭೂಮಿಯ ಪ್ರಶ್ನೆಯೂ ಇತ್ತು.

ಆ ಪ್ರಶ್ನೆ ಇನ್ನೂ ಬಾಕಿಯಿದೆ. 2006ರ ಅರಣ್ಯ ಹಕ್ಕು ಕಾಯ್ದೆ ಆದಿವಾಸಿಯೇತರರಿಂದ ಮೂರು ತಲೆಮಾರಿನ, ಅಂದರೆ 75 ವರ್ಷಗಳ ದಾಖಲೆ ಕೇಳುತ್ತದೆ. ದಾಖಲೆಯೇ ಸಿಗದ ದಲಿತ, ಹಿಂದುಳಿದ ಕುಟುಂಬಗಳು ಅಲ್ಲೇ ಎಡವುತ್ತವೆ. ಕಂದಾಯ ಮತ್ತು ಅರಣ್ಯ ಇಲಾಖೆಗಳು ಒಟ್ಟಿಗೆ ಚೈನು ಹಿಡಿದು ಅಳೆಯದೆ ಇದಕ್ಕೆ ಪರಿಹಾರವಿಲ್ಲ. ಅಳೆದ ಪಟ್ಟಿಯನ್ನು ಗ್ರಾಮಸಭೆಯಲ್ಲಿ ಹೆಸರು ಹಿಡಿದು ಓದಬೇಕು, ತಕರಾರನ್ನು ಅಲ್ಲೇ ಕೇಳಬೇಕು. ಮೂರೂ ತಾಲ್ಲೂಕು ಸೇರಿದ ಶೃಂಗೇರಿ ಕ್ಷೇತ್ರದಲ್ಲಿ 2023ರಲ್ಲಿ ಘೋಷಣೆಯಾದ ಗೆಲುವಿನ ಅಂತರ 201 ಮತ. ಸರ್ವೆ ಯಾವ ತಿಂಗಳಿಗೆ ಮುಗಿಯುತ್ತದೆ ಎಂದು ಮತ ಕೇಳಲು ಬಂದ ಎಲ್ಲ ಪಕ್ಷದವರನ್ನೂ ನಿಲ್ಲಿಸಿ ಕೇಳುವ ಬಲ ಕಾಡಂಚಿನ ಮತಗಟ್ಟೆಗಳಿಗೆ ಈಗ ಇದೆ.